ಹೃದಯದ ತೊಂದರೆ ಇರುವ ಎಳೆಗೂಸಿಗೆ ಹಾಲು ಕುಡಿಸೋದು: ಮೂಗಿನ ಟ್ಯೂಬ್ ಬೇಕೇ ಬೇಕಾ?

ಮೂರು ವಾರದ ಅಮ್ಮ

ನಮ್ಮ ಮಗಳಿಗೆ ಈಗ ಮೂರು ವಾರ. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರ ಇದೆ, ದೊಡ್ಡ ವಿಎಸ್‌ಡಿ ಅಂತ ಎಕೋ ರಿಪೋರ್ಟಿನಲ್ಲಿ ಬರೆದಿದ್ದಾರೆ. ಹುಟ್ಟಿದ ಮೊದಲ ವಾರ ಚೆನ್ನಾಗೇ ಹಾಲು ಕುಡೀತಿದ್ದಳು. ಈಗ ಹಾಗಿಲ್ಲ. ಎದೆಗೆ ಹಾಕಿಕೊಂಡ ತಕ್ಷಣ ಆತುರದಿಂದ ಬಾಯಿ ಹಾಕ್ತಾಳೆ, ಐದು ನಿಮಿಷ ಜೋರಾಗಿ ಚೀಪ್ತಾಳೆ, ಆಮೇಲೆ ಹಣೆ ಮೇಲೆ ಬೆವರು ಮೂಡುತ್ತೆ, ಕೂದಲಿನ ಬುಡ ಒದ್ದೆಯಾಗುತ್ತೆ, ಹಾಗೇ ನಿದ್ದೆ ಹೋಗ್ತಾಳೆ. ಸ್ವಲ್ಪ ಹೊತ್ತಿಗೆ ಮತ್ತೆ ಹಸಿವು, ಮತ್ತೆ ಅಳು. ತೂಕ ಹುಟ್ಟಿದಾಗ ಇದ್ದಷ್ಟೇ ಇದೆ.

ಮೂಗಿನಿಂದ ಹೊಟ್ಟೆಗೆ ಸಣ್ಣ ಟ್ಯೂಬ್ ಹಾಕಿ ಅರ್ಧ ಹಾಲನ್ನು ಅದರಲ್ಲಿ ಕೊಡೋಣ ಅಂತ ಡಾಕ್ಟರು ಹೇಳ್ತಿದ್ದಾರೆ. ಮನೆಯಲ್ಲಿ ಯಾರಿಗೂ ಒಪ್ಪಿಗೆ ಇಲ್ಲ. ಟ್ಯೂಬ್ ಹಾಕಿದರೆ ಮಗು ಎದೆಹಾಲು ಕುಡಿಯೋದನ್ನೇ ಮರೆತುಬಿಡುತ್ತೆ ಅಂತಾರೆ. ಎಬ್ಬಿಸಿ, ಕಾಲು ಕೆರೆದು, ಒಂದು ಗಂಟೆ ಹಿಡಿದರೂ ಪರವಾಗಿಲ್ಲ, ನಾನೇ ಕುಡಿಸ್ತೀನಿ ಅನ್ನಿಸುತ್ತೆ. ಇದನ್ನು ದಾಟಿ ಬಂದವರು ದಯವಿಟ್ಟು ಹೇಳಿ.

ನವಜಾತ ಘಟಕದ ನರ್ಸ್

ಮೊದಲ ವಾರ ಚೆನ್ನಾಗಿ ಕುಡಿದು ಈಗ ಯಾಕೆ ಸುಸ್ತಾಗ್ತಾಳೆ ಅನ್ನೋದು ಅರ್ಥವಾದರೆ ಉಳಿದದ್ದು ಸುಲಭ. ಹುಟ್ಟಿದಾಗ ಮಗುವಿನ ಶ್ವಾಸಕೋಶದ ರಕ್ತನಾಳಗಳು ಇನ್ನೂ ಬಿಗಿಯಾಗಿರುತ್ತವೆ. ಹಾಗಾಗಿ ರಂಧ್ರ ದೊಡ್ಡದಿದ್ದರೂ ಅದರ ಮೂಲಕ ಹೆಚ್ಚು ರಕ್ತ ಆ ಕಡೆ ಹೋಗೋದಿಲ್ಲ. ವಾರಗಳು ಕಳೆದಂತೆ ಆ ಬಿಗಿತ ಸಡಿಲವಾಗುತ್ತೆ. ಆಗ ಎಡಗಡೆಯ ರಕ್ತ ರಂಧ್ರದಿಂದ ಬಲಗಡೆಗೆ ಹರಿದು ಶ್ವಾಸಕೋಶಕ್ಕೆ ನುಗ್ಗುತ್ತೆ. ಶ್ವಾಸಕೋಶ ಭಾರವಾಗುತ್ತೆ, ಉಸಿರು ಜೋರಾಗುತ್ತೆ, ಹೃದಯ ಒಂದೇ ರಕ್ತವನ್ನು ಎರಡೆರಡು ಸಲ ಪಂಪ್ ಮಾಡಬೇಕಾಗುತ್ತೆ. ದೊಡ್ಡ ವಿಎಸ್‌ಡಿ ಇರುವ ಮಕ್ಕಳಲ್ಲಿ ಎರಡನೇ ವಾರದಿಂದ ಎರಡನೇ ತಿಂಗಳೊಳಗೆ ಇದು ಶುರುವಾಗೋದು ಸಾಮಾನ್ಯ. ನಿಮ್ಮ ಹಾಲು ಕಡಿಮೆಯಾಗಿಲ್ಲ, ನೀವು ಹಿಡಿದುಕೊಳ್ಳೋ ರೀತಿಯೂ ಕೆಟ್ಟಿಲ್ಲ.

ಎಳೆಗೂಸಿಗೆ ಹಾಲು ಕುಡಿಯೋದೇ ದಿನದ ಅತಿ ದೊಡ್ಡ ದುಡಿಮೆ. ಚೀಪಬೇಕು, ನುಂಗಬೇಕು, ನುಂಗುವಾಗ ಉಸಿರು ಹಿಡಿಯಬೇಕು, ಮತ್ತೆ ಬಿಡಬೇಕು. ಒಂದೊಂದು ಸೆಕೆಂಡಿಗೆ ಒಂದು ಚೀಪಿನಂತೆ ಇದು ನಡೀತಿರಬೇಕು. ಮೊದಲೇ ಏದುಸಿರು ಬಿಡ್ತಿರೋ ಮಗುವಿಗೆ ಆ ತಾಳ ಎಲ್ಲಿಂದ ಸಿಗಬೇಕು? ನೀವು ನೋಡಿದ ಹಣೆಯ ಬೆವರು ಆ ದುಡಿಮೆಯದ್ದು.

ಒಂದು ಕೆಲಸ ಮಾಡಿ. ಅವಳು ಗಾಢ ನಿದ್ದೆಯಲ್ಲಿದ್ದಾಗ ಬಟ್ಟೆ ಸರಿಸಿ, ಹೊಟ್ಟೆ ಏಳೋದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡಿ, ಎಳೆ ಮಕ್ಕಳ ಉಸಿರು ಒಂದೇ ಸಮ ಇರೋದಿಲ್ಲ. ನಿದ್ದೆಯಲ್ಲೂ 60 ದಾಟುತ್ತಿದ್ದರೆ ಡಾಕ್ಟರಿಗೆ ಅದೇ ದಿನ ತಿಳಿಸಿ. ಪಕ್ಕೆಲುಬಿನ ಕೆಳಗೆ ಗುಳಿ ಬೀಳ್ತಿದ್ದರೆ, ನರಳ್ತಿದ್ದರೆ, ತುಟಿ ನೀಲಿಯಾದರೆ ಬಾಯಿಗೆ ಏನೂ ಕೊಡದೆ ನೇರ ಆಸ್ಪತ್ರೆಗೆ.

ವಿಎಸ್‌ಡಿ ಹುಡುಗನ ಅಪ್ಪ

ಒಂದು ಗಂಟೆ ಹಿಡಿದು ಕುಡಿಸ್ತೀನಿ ಅಂದಿರಲ್ಲ, ದಯವಿಟ್ಟು ಬೇಡ. ನಮಗೆ ಆಸ್ಪತ್ರೆಯಲ್ಲಿ ಹೇಳಿಕೊಟ್ಟ ನಿಯಮ ಇಷ್ಟೇ: ಬಾಯಿಂದ 20 ನಿಮಿಷ, ಹೆಚ್ಚೆಂದರೆ 30. ಅದರ ಮೇಲೆ ಒಳಗೆ ಹೋಗೋ ಹಾಲಿನ ಬಲಕ್ಕಿಂತ ಅದನ್ನು ಎಳೆದುಕೊಳ್ಳೋಕೆ ಮಗು ಸುಡೋ ಬಲವೇ ಜಾಸ್ತಿ. ಉಳಿದದ್ದು ಟ್ಯೂಬಿನಲ್ಲಿ. ಮೂರು ಗಂಟೆಗೊಮ್ಮೆ ಹಾಲು ಅಂದರೆ ಒಂದು ಗಂಟೆ ಕುಡಿಸೋದು, ತೇಗು ಬರಿಸೋದು, ಮಲಗಿಸೋದು ಆಗೋಷ್ಟರಲ್ಲಿ ಮುಂದಿನ ಹೊತ್ತು ಬಂದೇಬಿಡುತ್ತೆ. ಮಗು ನಿದ್ದೆ ಮಾಡೋದು ಯಾವಾಗ, ಬೆಳೆಯೋದು ಯಾವಾಗ?

ಟ್ಯೂಬ್ ಅಂದಾಗ ನನ್ನ ಹೆಂಡತಿಯೂ ಅತ್ತಳು. ಆದರೆ ಅದು ಬಂದ ಮೇಲೆ ನಮ್ಮ ಮನೆಯಲ್ಲಿ ಹಾಲಿನ ಹೊತ್ತು ಅಂದರೆ ಹೆದರಿಕೆ ಅನ್ನೋದು ಹೋಯಿತು. ಹುಡುಗ ಕುಡಿದಷ್ಟು ಕುಡೀತಿದ್ದ, ಅವನ ಪಾಡಿಗೆ ನಿದ್ದೆ ಹೋಗ್ತಿದ್ದ, ಉಳಿದದ್ದನ್ನು ನಾನು ಸಿರಿಂಜಿನಲ್ಲಿ ಹಾಕಿ ನಿಧಾನಕ್ಕೆ ಇಳಿಯೋಕೆ ಬಿಡ್ತಿದ್ದೆ. ತೂಕ ಏರೋಕೆ ಶುರುವಾಗಿದ್ದೂ ಆಗಲೇ. ಆಪರೇಶನ್ ಆದ ಮೇಲೆ ಟ್ಯೂಬ್ ತೆಗೆದರು. ಅವನೇನೂ ಚೀಪೋದನ್ನು ಮರೆತಿರಲಿಲ್ಲ.

ಇಬ್ಬರು ಮಕ್ಕಳ ತಾಯಿ

ನನ್ನದು ಬೇರೆ ಅನುಭವ. ನಮ್ಮ ದೊಡ್ಡವನಿಗೂ ಹೃದಯದಲ್ಲಿ ರಂಧ್ರ ಇತ್ತು. ಟ್ಯೂಬ್ ಬೇಕಾಗಲಿಲ್ಲ, ಔಷಧಿಯೂ ಬೇಕಾಗಲಿಲ್ಲ, ಒಂದು ವರ್ಷದೊಳಗೆ ತಾನಾಗೇ ಮುಚ್ಚಿಕೊಂಡಿತು. ಎದೆಹಾಲು ಒಂದೇ ಸಾಕಾಯಿತು. ಎಲ್ಲದಕ್ಕೂ ಟ್ಯೂಬ್ ಅಂತ ಹೆದರಿಸೋದು ಸರಿಯಲ್ಲ ಅನ್ನಿಸುತ್ತೆ.

ನವಜಾತ ಘಟಕದ ನರ್ಸ್

ನಿಮ್ಮ ಮಗನ ವಿಷಯ ಕೇಳಿ ಸಂತೋಷ. ಆದರೆ ಎರಡೂ ಒಂದೇ ಅಂತ ಇಲ್ಲಿ ಯಾರೂ ತಿಳಿಯಬಾರದು. ಗೋಡೆಯ ಮಾಂಸಲ ಭಾಗದಲ್ಲಿರೋ ಸಣ್ಣ ರಂಧ್ರಗಳು ಬಹುಪಾಲು ತಾವಾಗೇ ಮುಚ್ಚುತ್ತವೆ. ಅಂಥ ಮಕ್ಕಳು ಬೇರೆ ಮಕ್ಕಳ ಹಾಗೇ ಕುಡಿದು ಬೆಳೀತಾರೆ, ಅವರಿಗೆ ಏನೂ ಮಾಡಬೇಕಾಗಿಲ್ಲ. ಬೆವರ್ತಿರೋ, ತೂಕ ನಿಂತಿರೋ ಮಗುವಿನ ಮಾತು ಬೇರೆ. ಅವಳಿಗೆ ಮೂರರಿಂದ ಆರು ತಿಂಗಳೊಳಗೆ ಆಪರೇಶನ್ ಬರಬಹುದು. ಅಲ್ಲಿಯವರೆಗೆ ಸೋಂಕನ್ನು ತಡೆದುಕೊಳ್ಳೋಕೆ, ಆಪರೇಶನ್ ಆದ ಮೇಲೆ ಗಾಯ ಮಾಯೋಕೆ, ಎರಡಕ್ಕೂ ಮೈಯಲ್ಲಿ ತಾಕತ್ತು ಇರಬೇಕು. ಇಲ್ಲಿ ಹಾಲು ಔಷಧಿಗೆ ಸಮ. ಎಷ್ಟು ಹೋಯಿತು ಅನ್ನೋದನ್ನು ಅದೃಷ್ಟಕ್ಕೆ ಬಿಡೋಕಾಗಲ್ಲ.

ಮಕ್ಕಳ ಪೋಷಣೆ ತಜ್ಞೆ

ಲೆಕ್ಕ ಹಾಕಿ ತೋರಿಸ್ತೀನಿ, ಆಗ ಡಾಕ್ಟರು ಯಾಕೆ ಅಷ್ಟು ಒತ್ತಾಯ ಮಾಡ್ತಿದ್ದಾರೆ ಅಂತ ಗೊತ್ತಾಗುತ್ತೆ.

ಆರೋಗ್ಯವಾಗಿರೋ ನವಜಾತ ಮಗುವಿಗೆ ದಿನಕ್ಕೆ ಒಂದು ಕಿಲೋ ತೂಕಕ್ಕೆ 100ರಿಂದ 120 ಕ್ಯಾಲೊರಿ ಸಾಕು. ನಿಮ್ಮ ಮಗಳಂಥ ಮಗುವಿಗೆ 120ರಿಂದ 150 ಬೇಕಾಗಬಹುದು, ಯಾಕಂದರೆ ಬರೀ ಉಸಿರಾಡೋಕೇ ಅಷ್ಟು ಖರ್ಚಾಗುತ್ತೆ. ಮಗು 3 ಕಿಲೋ ಅಂತ ಇಟ್ಟುಕೊಳ್ಳಿ. ಕಿಲೋಗೆ 130ರಂತೆ ದಿನಕ್ಕೆ 390 ಕ್ಯಾಲೊರಿ ಆಯಿತು. ಎದೆಹಾಲಿನಲ್ಲಿ 100 ಎಂಎಲ್‌ಗೆ ಸುಮಾರು 67 ಕ್ಯಾಲೊರಿ ಇರುತ್ತೆ. ಅಂದರೆ ದಿನಕ್ಕೆ 580 ಎಂಎಲ್ ಹತ್ತಿರ ಕುಡೀಬೇಕು. ಸುಸ್ತಾಗಿ ಮಲಗೋ ಮಗು ಅಷ್ಟು ಕುಡಿಯೋದು ಕಷ್ಟ. ಕುಡಿದರೂ ಶ್ವಾಸಕೋಶದಲ್ಲಿ ನೀರು ಹೆಚ್ಚಾಗದಿರಲಿ ಅಂತ ವೈದ್ಯರು ಕೆಲವೊಮ್ಮೆ ದ್ರವಕ್ಕೆ ಮಿತಿ ಹಾಕಿರ್ತಾರೆ. ಕಿಲೋಗೆ 150 ಎಂಎಲ್ ಅಂತ ಮಿತಿ ಇದ್ದರೆ ದಿನಕ್ಕೆ 450 ಎಂಎಲ್, ಅದರಲ್ಲಿ ಬರೋದು 300 ಕ್ಯಾಲೊರಿ ಮಾತ್ರ. ತೊಂಬತ್ತು ಕ್ಯಾಲೊರಿ ಕೊರತೆ ಪ್ರತಿ ದಿನ.

ಈ ಕೊರತೆಯನ್ನು ತುಂಬೋಕೆ ಹಾಲನ್ನೇ ಗಟ್ಟಿ ಮಾಡ್ತೀವಿ. ಹಿಂಡಿದ ಎದೆಹಾಲಿಗೆ ಅಳತೆ ಪ್ರಕಾರ ಫಾರ್ಟಿಫೈಯರ್ (ಎದೆಹಾಲಿನ ಬಲ ಹೆಚ್ಚಿಸೋ ಪೋಷಕಾಂಶ) ಅಥವಾ ಫಾರ್ಮುಲಾ ಪುಡಿ ಸೇರಿಸಿ 100 ಎಂಎಲ್‌ಗೆ 80 ಕ್ಯಾಲೊರಿಗೆ ತಂದರೆ ಅದೇ 450 ಎಂಎಲ್‌ನಲ್ಲಿ 360 ಬರುತ್ತೆ. ಬೇಕಿದ್ದರೆ ಹಂತ ಹಂತವಾಗಿ 100ರವರೆಗೂ ಏರಿಸ್ತೀವಿ. ಎಂಟು ಹೊತ್ತಿಗೆ ಹಂಚಿದರೆ ಒಂದು ಹೊತ್ತಿಗೆ 56 ಎಂಎಲ್. ಅವಳು ಬಾಯಿಂದ 25 ಕುಡಿದರೆ ಟ್ಯೂಬಿಗೆ ಉಳಿಯೋದು 31. ನಿಮ್ಮ ಮಗಳ ನಿಜವಾದ ಅಂಕಿಗಳನ್ನು ಅವಳನ್ನು ನೋಡ್ತಿರೋ ತಂಡವೇ ಹೇಳಬೇಕು. ನಾನು ಬರೆದದ್ದು ಲೆಕ್ಕ ಹೇಗೆ ನಡೆಯುತ್ತೆ ಅಂತ ತೋರಿಸೋಕೆ.

ಇನ್ನೊಂದು ಮಾತು. ಹಿಂಡಿದ ಹಾಲನ್ನು ಸ್ವಲ್ಪ ಹೊತ್ತು ಇಟ್ಟರೆ ಮೇಲೆ ಹಳದಿ ಕೆನೆಯ ಪದರ ನಿಲ್ಲುತ್ತೆ. ಕ್ಯಾಲೊರಿಯ ದೊಡ್ಡ ಪಾಲು ಅದರಲ್ಲೇ ಇದೆ. ಟ್ಯೂಬಿನಲ್ಲಿ ಕೊಡುವಾಗ ಆ ಕೊಬ್ಬು ಸಿರಿಂಜಿನ ಗೋಡೆಗೆ, ಟ್ಯೂಬಿನ ಒಳಗೆ ಅಂಟಿಕೊಂಡು ಹೊಟ್ಟೆಗೆ ಹೋಗದೇ ಉಳಿಯಬಹುದು. ಹಾಲನ್ನು ಮೆಲ್ಲಗೆ ಕಲಕಿ ಸೇರಿಸಿಕೊಂಡೇ ಕೊಡಿ.

ಮೂರು ವಾರದ ಅಮ್ಮ

ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಹಾಗಾದರೆ ಫಾರ್ಮುಲಾ ಡಬ್ಬಿ ಮೇಲೆ ಹೇಳಿದ್ದಕ್ಕಿಂತ ಒಂದು ಚಮಚ ಪುಡಿ ಜಾಸ್ತಿ ಹಾಕಿದರೆ ಆಗಲ್ವಾ? ಟ್ಯೂಬ್ ತಪ್ಪಿಸಬಹುದಲ್ಲ?

ಮಕ್ಕಳ ಪೋಷಣೆ ತಜ್ಞೆ

ಇಲ್ಲ, ಖಂಡಿತ ಬೇಡ. ಅಂದಾಜಿಗೆ ಗಟ್ಟಿ ಮಾಡಿದ ಹಾಲು ಕರುಳಿಗೆ ಭಾರ, ಕಿಡ್ನಿಗೂ ಭಾರ. ಭೇದಿಯಾಗಬಹುದು, ರಕ್ತದ ಉಪ್ಪಿನಂಶ ಏರುಪೇರಾಗಬಹುದು. ನಿಮ್ಮ ಮಗು ಮೂತ್ರ ಹೆಚ್ಚಿಸೋ ಫ್ಯುರೋಸೆಮೈಡ್ ತಗೊಳ್ತಿದ್ದರೆ ಅಪಾಯ ಇನ್ನೂ ಜಾಸ್ತಿ. ಪುಡಿ ಎಷ್ಟು, ನೀರು ಎಷ್ಟು ಅನ್ನೋದನ್ನು ಗ್ರಾಂ ಮತ್ತು ಎಂಎಲ್‌ನಲ್ಲಿ ಬರೆಸಿಕೊಳ್ಳಿ. ಬರೀ ನೀರನ್ನು ಬೇರೆಯಾಗಿ ಕುಡಿಸಬೇಡಿ. ಅದರಲ್ಲಿ ಕ್ಯಾಲೊರಿ ಇಲ್ಲ, ಹೊಟ್ಟೆಯಲ್ಲಿ ಹಾಲಿನ ಜಾಗವನ್ನು ತಿನ್ನುತ್ತೆ.

ನುಂಗು ಚಿಕಿತ್ಸೆಯವಳು

ಟ್ಯೂಬ್ ಹಾಕಿದರೆ ಮರೆಯುತ್ತೆ ಅನ್ನೋ ಭಯಕ್ಕೆ ನನ್ನ ಉತ್ತರ. ಬಾಯಿಯ ದ್ವೇಷ ಅಂತ ಒಂದು ತೊಂದರೆ ನಿಜಕ್ಕೂ ಇದೆ. ಮೊಲೆತೊಟ್ಟು, ಬಾಟಲಿ ಕಂಡರೆ ಸಾಕು, ಮಗು ತಲೆ ತಿರುಗಿಸಿಕೊಂಡು ಓಕರಿಸುತ್ತೆ. ತಿಂಗಳುಗಟ್ಟಲೆ ಟ್ಯೂಬಿನಲ್ಲೇ ಇದ್ದು ಬಾಯಿಗೆ ಯಾವ ಹಿತವಾದ ಅನುಭವವೂ ಸಿಗದ ಮಕ್ಕಳಲ್ಲಿ ಇದನ್ನು ನೋಡ್ತೀವಿ. ಸಾಕಾಯಿತು ಅಂತ ಮುಖ ತಿರುಗಿಸಿದ ಮೇಲೂ ಬಲವಂತವಾಗಿ ಕುಡಿಸಿದ ಮಕ್ಕಳಲ್ಲೂ ಅಷ್ಟೇ ನೋಡ್ತೀವಿ. ಏದುಸಿರಿನ ನಡುವೆ ಬಾಯಿಗೆ ಹಾಲು ಸುರಿದರೆ ಆ ಪುಟ್ಟ ಮಗು ಏನು ಕಲಿಯುತ್ತೆ? ಹಾಲು ಅಂದರೆ ಉಸಿರುಗಟ್ಟೋದು ಅಂತ ಕಲಿಯುತ್ತೆ. ಹಾಗಾಗಿ ಚೀಪೋ ಆಸೆಯನ್ನು ಉಳಿಸೋಕೇ ಟ್ಯೂಬ್ ಬೇಕು ಅಂತ ನಾನು ಹೇಳ್ತೀನಿ. ಮಗು ಸುಸ್ತಾಗೋಕೆ ಮೊದಲೇ, ಇನ್ನೂ ಖುಷಿಯಲ್ಲಿದ್ದಾಗಲೇ ಬಾಯಿಯ ಕೆಲಸ ಮುಗೀಲಿ. ಟ್ಯೂಬಿನಲ್ಲಿ ಹಾಲು ಇಳೀತಿರುವಾಗ ಎದೆಗೆ ಒರಗಿಸಿಕೊಳ್ಳಿ, ಚೀಪೋಕೆ ಬೆರಳೋ ನಿಪ್ಪಲ್ಲೋ ಕೊಡಿ. ಹೊಟ್ಟೆ ತುಂಬೋದಕ್ಕೂ ಬಾಯಿಗೂ ಸಂಬಂಧ ಇದೆ ಅಂತ ಅವಳಿಗೆ ಗೊತ್ತಿರುತ್ತೆ.

ಬಾಟಲಿಯಲ್ಲಿ ಕೊಡೋದಾದರೆ ನಿಧಾನ ಹರಿವಿನ ನಿಪ್ಪಲ್ ತಗೊಳ್ಳಿ. ತೂತು ದೊಡ್ಡದು ಮಾಡಿದರೆ ಬೇಗ ಮುಗಿಯುತ್ತೆ ಅಂತ ಕೆಲವರು ಹೇಳ್ತಾರೆ. ಉಸಿರು ಹಿಡಿಯೋಕೆ ಆಗದ ಮಗುವಿಗೆ ಅದು ಅಪಾಯ. ಅವಳನ್ನು ಪಕ್ಕಕ್ಕೆ ಒರಗಿಸಿ, ತಲೆ ಸ್ವಲ್ಪ ಎತ್ತರ ಇರಲಿ. ಮೂರು ನಾಲ್ಕು ಸಲ ಚೀಪಿ ನುಂಗಿದ ಮೇಲೆ ಬಾಟಲಿಯನ್ನು ಕೆಳಕ್ಕೆ ಬಾಗಿಸಿ ನಿಪ್ಪಲ್ ಖಾಲಿ ಮಾಡಿ. ಅವಳು ಎರಡು ಮೂರು ಉಸಿರು ತೆಗೆದುಕೊಳ್ಳಲಿ, ಆಮೇಲೆ ಮತ್ತೆ. ಹುಬ್ಬು ಏರಿಸೋದು, ಬೆರಳು ಬಿಚ್ಚಿ ಕೈ ಚಾಚೋದು, ಬಾಯಂಚಿನಿಂದ ಹಾಲು ಸೋರೋದು, ಮೂಗಿನ ಹೊಳ್ಳೆ ಅರಳೋದು, ಇವೆಲ್ಲ ನಿಲ್ಲಿಸು ಅನ್ನೋ ಅವಳ ಮಾತೇ.

ಎದೆಗೆ ಹಾಕೋದನ್ನು ಬಿಡಬೇಡಿ. ಹೃದಯದ ತೊಂದರೆ ಇರುವ ಮಕ್ಕಳಲ್ಲಿ ಬಾಟಲಿಗಿಂತ ಎದೆಯಲ್ಲಿ ಕುಡಿಯುವಾಗಲೇ ಆಕ್ಸಿಜನ್ ಮಟ್ಟ ಹೆಚ್ಚು ಸ್ಥಿರವಾಗಿರುತ್ತೆ ಅಂತ ಅಳೆದು ನೋಡಿದ್ದಾರೆ. ಎದೆಯಲ್ಲಿ ಹರಿವಿನ ವೇಗ ಮಗುವಿನ ಕೈಯಲ್ಲೇ ಇರುತ್ತಲ್ಲ. ಹಾಲು ಚಿಮ್ಮಿ ಬರ್ತಿದ್ದರೆ ಮೊದಲು ಸ್ವಲ್ಪ ಹಿಂಡಿ ಆಮೇಲೆ ಹಾಕಿ. ಕೊನೆಗೆ ಬರೋ ಹಾಲಿನಲ್ಲಿ ಕೊಬ್ಬೂ ಜಾಸ್ತಿ.

ಒಂಟಿ ಕುಹರದ ಮಗುವಿನ ತಾಯಿ

ನನ್ನ ಮಗನಿಗೆ ಹೃದಯದ ಎಡಭಾಗವೇ ಸರಿಯಾಗಿ ಬೆಳೆದಿರಲಿಲ್ಲ. ಹುಟ್ಟಿದ ಕೂಡಲೇ ಡಕ್ಟಸ್ ಅನ್ನೋ ರಕ್ತನಾಳ ಮುಚ್ಚದಿರಲಿ ಅಂತ ಪ್ರೋಸ್ಟಗ್ಲ್ಯಾಂಡಿನ್ ಡ್ರಿಪ್ ಹಾಕಿದರು. ಅವನಿಗೆ ಹಾಲು ಕುಡಿಸೋಕೇ ಬಿಡಲಿಲ್ಲ. ಇಂಥ ಹೃದಯದಲ್ಲಿ ದೇಹಕ್ಕೆ ಹೋಗಬೇಕಾದ ರಕ್ತ ಶ್ವಾಸಕೋಶದ ಕಡೆ ಸೋರಿ ಹೋಗುತ್ತೆ, ಕರುಳಿಗೆ ರಕ್ತ ಕಡಿಮೆಯಾಗುತ್ತೆ, ಕರುಳು ಕೊಳೆಯೋ ಎನ್‌ಇಸಿ ಬರಬಹುದು ಅಂತ ವಿವರಿಸಿದರು. ಆಪರೇಶನ್‌ಗೆ ಮುಂಚೆ ಹಾಲು ಕೊಡಬೇಕೋ ಬೇಡವೋ ಅನ್ನೋದರಲ್ಲಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಪದ್ಧತಿ ಬೇರೆ. ಕೆಲವು ಕಡೆ ದಿನಕ್ಕೆ ಕಿಲೋಗೆ 10ರಿಂದ 20 ಎಂಎಲ್‌ನಷ್ಟು ಎದೆಹಾಲನ್ನು ಕರುಳು ಎಚ್ಚರವಾಗಿರಲಿ ಅಂತ ಕೊಡ್ತಾರೆ.

ನನಗೆ ಉಳಿದಿದ್ದ ಕೆಲಸ ಹಾಲು ಹಿಂಡೋದು ಒಂದೇ. ಇದನ್ನು ಓದ್ತಿರೋ, ಗರ್ಭದಲ್ಲೇ ವಿಷಯ ಗೊತ್ತಾಗಿರೋ ತಾಯಂದಿರಿಗೆ ಹೇಳ್ತೀನಿ: ಹೆರಿಗೆಯಾದ ಮೊದಲ ಕೆಲವು ಗಂಟೆಗಳಲ್ಲೇ ಹಿಂಡೋಕೆ ಶುರು ಮಾಡಿ, ದಿನಕ್ಕೆ ಎಂಟರಿಂದ ಹತ್ತು ಸಲ, ರಾತ್ರಿಯೂ ಒಮ್ಮೆ. ಮಗು ಕುಡಿಯದಿದ್ದರೂ ಹಾಲು ಬರೋದು ನಿಲ್ಲಬಾರದು. ಗಿಣ್ಣುಹಾಲಿನ ನಾಲ್ಕು ಹನಿಯನ್ನು ಹತ್ತಿಯಲ್ಲಿ ಅದ್ದಿ ಕೆನ್ನೆಯ ಒಳಗೆ ಸವರೋಕೆ ನನಗೆ ಅನುಮತಿ ಸಿಕ್ಕಿತು. ವೆಂಟಿಲೇಟರಿನ ನಳಿಕೆಯ ಪಕ್ಕದಲ್ಲಿ ಅವನ ನಾಲಿಗೆ ಅದನ್ನು ಹುಡುಕಿಕೊಂಡು ಬಂತು. ಎಲ್ಲ ಆಸ್ಪತ್ರೆಗಳಲ್ಲೂ ಕೇಳಿ, ಬಹಳಷ್ಟು ಕಡೆ ಒಪ್ತಾರೆ.

ಆಪರೇಶನ್ ಆದ ಮೇಲೆ ಅವನ ಅಳು ಬೆಕ್ಕಿನ ಮರಿಯಷ್ಟು ಮೆಲ್ಲಗಿತ್ತು. ಮಹಾಪಧಮನಿಯ ಕಮಾನಿನ ಕೆಳಗೆ ಎಡ ಧ್ವನಿತಂತುವಿನ ನರ ಸುತ್ತಿ ಹೋಗುತ್ತಂತೆ. ಅಲ್ಲಿ ಕೆಲಸ ಮಾಡುವಾಗ ಅದಕ್ಕೆ ಪೆಟ್ಟಾಗಬಹುದು. ಧ್ವನಿತಂತು ಮುಚ್ಚಿಕೊಳ್ಳದಿದ್ದರೆ ಹಾಲು ಶ್ವಾಸನಾಳಕ್ಕೆ ಇಳಿಯುತ್ತೆ. ಕೆಮ್ಮೇ ಬರದೆ ಸದ್ದಿಲ್ಲದೆ ಇಳಿಯೋದೂ ಉಂಟು. ದನಿ ಬದಲಾಗಿದೆ ಅನ್ನಿಸಿದರೆ ಬಾಯಿಗೆ ಹಾಲು ಕೊಡೋಕೆ ಮುಂಚೆ ಪರೀಕ್ಷೆ ಮಾಡಿಸಿ ಅಂತ ಕೇಳಿ. ಅವನಿಗೆ ಎಕ್ಸ್‌ರೇ ಕ್ಯಾಮೆರಾ ಮುಂದೆ ಹಾಲು ನುಂಗಿಸಿ ನೋಡಿದ ಮೇಲೆಯೇ ಬಾಯಿಂದ ಶುರು ಮಾಡಿದ್ದು.

ಮೊದಲ ಮತ್ತು ಎರಡನೇ ಆಪರೇಶನ್ ನಡುವೆ ಮನೆಯಲ್ಲಿದ್ದಾಗ ದಿನವೂ ಒಂದೇ ತಕ್ಕಡಿಯಲ್ಲಿ, ಒಂದೇ ಹೊತ್ತಿಗೆ, ಬಟ್ಟೆ ಇಲ್ಲದೆ ತೂಕ ನೋಡಿ ಬರೆಯಬೇಕಿತ್ತು. ಒಂದು ದಿನದಲ್ಲಿ 30 ಗ್ರಾಂ ಇಳಿದರೆ, ಮೂರು ದಿನದಲ್ಲಿ 20 ಗ್ರಾಂ ಕೂಡ ಏರದಿದ್ದರೆ, ದಿನದ ಹಾಲು ಕಿಲೋಗೆ 100 ಎಂಎಲ್‌ಗಿಂತ ಕಡಿಮೆಯಾದರೆ, ಸ್ಯಾಚುರೇಶನ್ (ರಕ್ತದ ಆಕ್ಸಿಜನ್ ಮಟ್ಟ) ಶೇಕಡಾ 75ರ ಕೆಳಗೆ ಹೋದರೆ ಕಾಯದೆ ಫೋನ್ ಮಾಡಬೇಕು ಅಂತ ಹೇಳಿದ್ದರು. ಶಂಟ್, ಅಂದರೆ ಶ್ವಾಸಕೋಶಕ್ಕೆ ರಕ್ತ ಹೋಗಲಿ ಅಂತ ಆಪರೇಶನ್‌ನಲ್ಲಿ ಜೋಡಿಸೋ ಸಣ್ಣ ಕೊಳವೆ, ಇರುವ ಮಕ್ಕಳಿಗೆ ವಾಂತಿ ಭೇದಿಯಾಗಿ ನೀರು ಕಡಿಮೆಯಾದರೆ ಶಂಟಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಅವರಲ್ಲಿ ಒಂದು ಹೊತ್ತಿನ ಹಾಲು ತಪ್ಪಿದರೂ ಸುಮ್ಮನಿರೋ ಹಾಗಿಲ್ಲ.

ಫ್ಯಾಲೋ ಮಗುವಿನ ಅಪ್ಪ

ನಮ್ಮದು ಟೆಟ್ರಾಲಜಿ ಆಫ್ ಫ್ಯಾಲೋ, ಶ್ವಾಸಕೋಶಕ್ಕೆ ರಕ್ತ ಹೋಗೋ ದಾರಿ ಕಿರಿದಾಗಿರೋ ಹೃದಯದ ತೊಂದರೆ. ತೂಕ ಪರವಾಗಿಲ್ಲ. ಆದರೆ ಬೆಳಿಗ್ಗೆ ಎದ್ದು ಹಸಿವಿಗೆ ಅಳುವಾಗ ಒಮ್ಮೆ ತುಟಿ ಕಪ್ಪುನೀಲಿ ಆಯಿತು. ಹಾಲು ಕೊಡಬೇಕೋ ಬೇಡವೋ ತಿಳಿಯಲಿಲ್ಲ.

ನವಜಾತ ಘಟಕದ ನರ್ಸ್

ಆ ಹೊತ್ತಿನಲ್ಲಿ ಹಾಲು ಬೇಡ. ಎರಡೂ ಮೊಣಕಾಲನ್ನು ಎದೆಗೆ ಒತ್ತಿ ಹಿಡಿದುಕೊಂಡು ಸಮಾಧಾನ ಮಾಡಿ, ತುರ್ತು ಸಹಾಯಕ್ಕೆ ಕರೆಯಿರಿ. ತಾನಾಗೇ ಸರಿಹೋದರೂ ಅದೇ ದಿನ ಹೃದಯ ತಜ್ಞರಿಗೆ ಹೇಳಲೇಬೇಕು. ಆಪರೇಶನ್‌ನ ಸಮಯವೇ ಇದರಿಂದ ಬದಲಾಗಬಹುದು. ಇನ್ನು ಮುಂದೆ ಅಳೋವರೆಗೆ ಕಾಯಬೇಡಿ. ಬಾಯಿ ಅರಸೋದು, ಕೈ ಚೀಪೋದು ಕಂಡಾಗಲೇ ಹಾಲು ಕೊಡಿ.

ವಾರ್ಡಿನಲ್ಲಿ ಕಾಯ್ತಿರೋ ಅಮ್ಮ

ಆಪರೇಶನ್ ಆಗಿದೆ. ಎದೆಯ ಪಕ್ಕದ ನಳಿಕೆಯಲ್ಲಿ ತಿಳಿಯಾಗಿ ಬರ್ತಿದ್ದ ನೀರು, ಹಾಲು ಶುರು ಮಾಡಿದ ಮೇಲೆ ಬಿಳಿಯಾಗಿ ಬರ್ತಿದೆ. ಎದೆಹಾಲು ನಿಲ್ಲಿಸಿದ್ದಾರೆ. ಹಿಂಡಿದ್ದೆಲ್ಲ ವ್ಯರ್ಥವಾ?

ಮಕ್ಕಳ ಪೋಷಣೆ ತಜ್ಞೆ

ವ್ಯರ್ಥ ಅಲ್ಲ, ಫ್ರೀಜರಿನಲ್ಲಿಡಿ, ಆರು ತಿಂಗಳು ಚೆನ್ನಾಗಿರುತ್ತೆ. ನೀವು ಹೇಳೋದು ಕೈಲೋಥೊರಾಕ್ಸ್ ಇರಬಹುದು. ಕೊಬ್ಬನ್ನು ಸಾಗಿಸೋ ದುಗ್ಧನಾಳ ಸೋರಿದಾಗ ಹೀಗಾಗುತ್ತೆ. ಸಾಮಾನ್ಯ ಕೊಬ್ಬು ಆ ನಾಳದ ಮೂಲಕವೇ ಹೋಗೋದರಿಂದ ಸೋರಿಕೆ ನಿಲ್ಲೋವರೆಗೆ, ಸಾಮಾನ್ಯವಾಗಿ ಕೆಲವು ವಾರ, ನೇರ ರಕ್ತಕ್ಕೆ ಸೇರೋ ಎಂಸಿಟಿ ಕೊಬ್ಬಿನ ಫಾರ್ಮುಲಾ ಕೊಡ್ತಾರೆ. ಕೆಲವು ಆಸ್ಪತ್ರೆಗಳಲ್ಲಿ ನಿಮ್ಮ ಹಾಲನ್ನೇ ಯಂತ್ರದಲ್ಲಿ ತಿರುಗಿಸಿ ಕೆನೆ ತೆಗೆದು, ಎಂಸಿಟಿ ಸೇರಿಸಿ ಕೊಡೋ ವ್ಯವಸ್ಥೆ ಇದೆ. ಕೇಳಿ ನೋಡಿ. ಹಿಂಡೋದನ್ನು ಮಾತ್ರ ನಿಲ್ಲಿಸಬೇಡಿ.

ಮೂರು ವಾರದ ಅಮ್ಮ

ನಿನ್ನೆ ಟ್ಯೂಬ್ ಹಾಕಿಸಿದೆವು. ಹಾಕುವಾಗ ಅತ್ತಳು, ಆಮೇಲೆ ಅದನ್ನು ಮರೆತೇಬಿಟ್ಟಳು. ರಾತ್ರಿ ಎದೆಗೆ ಹಾಕಿಕೊಂಡು, ಬೆವರು ಬರೋಕೆ ಮುಂಚೆ ಬಿಡಿಸಿ, ಉಳಿದದ್ದು ಟ್ಯೂಬಿನಲ್ಲಿ ಕೊಟ್ಟೆ. ಮೂರು ಗಂಟೆ ಒಂದೇ ಸಮ ಮಲಗಿದಳು. ಎಷ್ಟೋ ದಿನದಿಂದ ಹಾಗೆ ಮಲಗಿರಲಿಲ್ಲ. ಮನೆಯವರೂ ನೋಡಿದರು, ಈಗ ಬೇಡ ಅಂತ ಯಾರೂ ಹೇಳ್ತಿಲ್ಲ.

ಇನ್ನೆರಡು ದಿನದಲ್ಲಿ ಮನೆಗೆ ಕಳಿಸ್ತಾರಂತೆ. ಟ್ಯೂಬ್ ಜಾರಿದರೆ ಅನ್ನೋದೇ ಭಯ. ಇನ್ನೊಂದು, ಔಷಧಿ ಕೊಟ್ಟ ಸ್ವಲ್ಪ ಹೊತ್ತಿಗೆ ಹಾಲು ಕಕ್ಕಿದರೆ ಔಷಧಿ ಮತ್ತೆ ಕೊಡಬೇಕಾ?

ವಿಎಸ್‌ಡಿ ಹುಡುಗನ ಅಪ್ಪ

ಮೂಗಿನ ಹೊಳ್ಳೆಯ ಹತ್ತಿರ ಟ್ಯೂಬ್ ಮೇಲೆ ಎಷ್ಟನೇ ಸೆಂಟಿಮೀಟರ್ ಗುರುತು ಇದೆ ಅಂತ ಬರೆದಿಟ್ಟುಕೊಳ್ಳಿ. ಪ್ರತಿ ಸಲ ಹಾಲಿಗೆ ಮುಂಚೆ ಮೊದಲು ಅದನ್ನು ನೋಡಿ. ಆಮೇಲೆ ಸಿರಿಂಜಿನಲ್ಲಿ ಟ್ಯೂಬಿನಿಂದ ಒಂದಿಷ್ಟು ರಸ ಎಳೆದು, ಆಮ್ಲ ಎಷ್ಟಿದೆ ಅಂತ ತೋರಿಸೋ ಪಿಎಚ್ ಪಟ್ಟಿಯ ಮೇಲೆ ಹನಿಸಿ. ಪಿಎಚ್ 5.5 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹೊಟ್ಟೆಯಲ್ಲಿದೆ ಅಂತ ನಮಗೆ ಕಲಿಸಿದ್ದರು. ಗುರುತು ಸರಿದಿದ್ದರೆ, ರಸ ಬರದಿದ್ದರೆ, ಅನುಮಾನ ಇದ್ದರೆ ಹಾಲು ಹಾಕಬೇಡಿ, ಫೋನ್ ಮಾಡಿ. ಆಸ್ಪತ್ರೆ ಬಿಡೋಕೆ ಮುಂಚೆ ಮನೆಯಲ್ಲಿ ಇಬ್ಬರಾದರೂ ನರ್ಸ್ ಎದುರಿಗೆ ಮಾಡಿ ತೋರಿಸಿ ಕಲೀರಿ. ಕೈಗೆ ಮೃದುವಾದ ಕಾಲುಚೀಲ ಹಾಕಿದರೆ ಎಳೆದುಕೊಳ್ಳೋದು ಕಡಿಮೆಯಾಗುತ್ತೆ.

ನವಜಾತ ಘಟಕದ ನರ್ಸ್

ಔಷಧಿ ನಿಮ್ಮಷ್ಟಕ್ಕೆ ಎರಡನೇ ಸಲ ಕೊಡಬೇಡಿ. ಎಷ್ಟು ಒಳಗೆ ಹೋಗಿದೆ ಅಂತ ಗೊತ್ತಾಗೋದಿಲ್ಲ, ಡಿಗಾಕ್ಸಿನ್‌ನಂಥ ಹೃದಯದ ಔಷಧಿ ಸ್ವಲ್ಪ ಹೆಚ್ಚಾದರೂ ಅಪಾಯ. ಯಾವ ಔಷಧಿ ಎಷ್ಟು ನಿಮಿಷದೊಳಗೆ ಕಕ್ಕಿದರೆ ಏನು ಮಾಡಬೇಕು ಅಂತ ಬಿಡುಗಡೆ ದಿನವೇ ಚೀಟಿಯಲ್ಲಿ ಬರೆಸಿಕೊಳ್ಳಿ. ಔಷಧಿಯನ್ನು ಪೂರ್ತಿ ಹಾಲಿನಲ್ಲಿ ಕಲಸಬೇಡಿ, ಹಾಲು ಉಳಿದರೆ ಔಷಧಿಯೂ ಉಳಿಯುತ್ತೆ. ಹಾಲು ಶುರು ಮಾಡೋಕೆ ಮುಂಚೆ ಕೊಟ್ಟು, ಟ್ಯೂಬಿನಲ್ಲಾದರೆ ಅವರು ಹೇಳಿದಷ್ಟು ನೀರಿನಿಂದ ತೊಳೆಯಿರಿ. ಕಕ್ಕೋದು ಜಾಸ್ತಿ ಇದ್ದರೆ ಟ್ಯೂಬಿನ ಹಾಲನ್ನು ಇನ್ನೂ ನಿಧಾನ ಮಾಡಿ, 20 ನಿಮಿಷಕ್ಕೆ ಬದಲು 40 ನಿಮಿಷ ತಗೊಳ್ಳಲಿ. ಹಸಿರು ಬಣ್ಣದ ವಾಂತಿ, ಉಬ್ಬಿದ ಹೊಟ್ಟೆ, ಮಲದಲ್ಲಿ ರಕ್ತ ಕಂಡರೆ ಹಾಲು ನಿಲ್ಲಿಸಿ ಆ ಕ್ಷಣವೇ ಹೊರಡಿ.

ಮನೆಗೆ ಹೋದ ಮೇಲೆ ಮೊದಲ ತೂಕ ಯಾವತ್ತು, ಎಲ್ಲಿ ನೋಡ್ತಾರೆ ಅಂತ ಈಗಲೇ ಕೇಳಿಟ್ಟುಕೊಳ್ಳಿ. ದಿನಕ್ಕೆ 20 ಗ್ರಾಂ ಏರಿದರೂ ಒಳ್ಳೆಯದೇ. ಅಂಕಿ ಬಂದಾಗ ಇಲ್ಲಿ ಹಾಕಿ, ಹಾಲಿನ ಅಳತೆ ಬದಲಿಸೋ ಬಗ್ಗೆ ನಿಮ್ಮ ತಂಡಕ್ಕೆ ಏನು ಕೇಳಬೇಕು ಅಂತ ಆಗ ನೋಡೋಣ.